ದೊಡ್ಡಪ್ಪ ಯಾವ ಲೆಕ್ಕಕ್ಕೆ ಬಂದರು?

ಹೋದ ತಿಂಗಳು ದೊಡ್ಡಮ್ಮ ಫೋನ್ ಮಾಡಿದ್ದರು. "ಪೌತಿ ಖಾತೆ ಮಾಡಿಸ್ಲಿಕ್ಕೆ ಉಂಟು ಮಾರಾಯ. ದೊಡ್ಡಪ್ಪನ ಡೆತ್ ಸರ್ಟಿಫಿಕೇಟ್ ಎಲ್ಲಿಟ್ಟಿದ್ದೇನೆ ಅಂತಲೇ ಗೊತ್ತಾಗುದಿಲ್ಲ. ಒಮ್ಮೆ ಬಂದು ಹುಡುಕಿ ಕೊಡು." ಪೌತಿ ಖಾತೆ ಅಂದರೆ ಸತ್ತವರ ಹೆಸರಿನಲ್ಲಿರುವ ಜಾಗವನ್ನು ವಾರಸುದಾರರ ಹೆಸರಿಗೆ ಮಾಡಿಸುವುದು.

ಭಾನುವಾರ ಮಂಗಳೂರಿನಿಂದ ಎಕ್ಸ್‌ಪ್ರೆಸ್ ಬಸ್ ಹತ್ತಿ ಉಡುಪಿ ಹತ್ತಿರದ ಕಟಪಾಡಿಯಲ್ಲಿ ಇಳಿದೆ. ಕಬ್ಬಿಣದ ಕಪಾಟಿನ ಕೆಳಗಿನ ಖಾನೆ, ಮದುವೆ ಸೀರೆಗಳ ಅಡಿ, ಎಲ್‌ಐಸಿ ಬಾಂಡುಗಳ ನಡುವೆ ಆ ಕಾಗದ ಸಿಕ್ಕಿತು. ಯಾರೋ ಪ್ರೀತಿಯಿಂದ ಲ್ಯಾಮಿನೇಷನ್ ಬೇರೆ ಮಾಡಿಸಿಟ್ಟಿದ್ದರು. (ಯಾರೋ ಅಂದರೆ ನಾನೇ. ಲ್ಯಾಮಿನೇಷನ್ ಮಾಡಿದ ದಾಖಲೆ ಕಂಡರೆ ಕಚೇರಿಯಲ್ಲಿ ಮುಖ ಸಿಂಡರಿಸುತ್ತಾರೆ ಅಂತ ಆಗ ಗೊತ್ತಿರಲಿಲ್ಲ.)

ಜಗಲಿಯಲ್ಲಿ ಕೂತು ಅದನ್ನು ಮೊದಲ ಸಲ ಸರಿಯಾಗಿ ಓದಿದೆ. ಹೆಸರು ಇದೆ. ಸತ್ತ ದಿನ ಇದೆ, 2021ರ ಮೇ ತಿಂಗಳು. ಸತ್ತ ಜಾಗ, ತಂದೆ-ತಾಯಿಯ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಎಲ್ಲ ಇದೆ. ಯಾಕೆ ಸತ್ತರು ಅನ್ನುವುದು ಮಾತ್ರ ಇಲ್ಲ.

ಬರೆಯಲು ಮರೆತದ್ದಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯೇ ಹಾಗೆ ಹೇಳುತ್ತದೆ: ಮನೆಯವರಿಗೆ ಕೊಡುವ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ತೋರಿಸಬಾರದು. ಕಾರಣ ಬರೆಯಲು ವೈದ್ಯರಿಗೆ ಬೇರೆಯೇ ಫಾರಂ ಇದೆ. ಆಗ ಅದು ಕಚೇರಿಗೆ ಹೋಗುತ್ತಿತ್ತು, ನಮ್ಮ ಕಪಾಟಿಗೆ ಬರುತ್ತಿರಲಿಲ್ಲ. ನನಗೆ ಒಂದು ಕ್ಷಣ ನಗು ಬಂತು. ನಾಲ್ಕು ವರ್ಷ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ನಡೆದ ಜಗಳಕ್ಕೆಲ್ಲ ಈ ಕಾಗದದಲ್ಲೇ ಉತ್ತರ ಇತ್ತಲ್ಲ ಅನ್ನಿಸಿತು.

ಮೊದಲು ದೊಡ್ಡಪ್ಪನ ವಿಷಯ ಹೇಳಿಬಿಡುತ್ತೇನೆ. ಅವರಿಗೆ ಜ್ವರ ಬಂದದ್ದು ಆ ಮೇ ತಿಂಗಳ ಮೊದಲ ವಾರ. ನಾಲ್ಕನೇ ದಿನ ಕೆಮ್ಮು. ಮೂಗಿನಿಂದ ತೆಗೆದು ಅಲ್ಲೇ ನೋಡುವ ಟೆಸ್ಟು ನೆಗೆಟಿವ್. ಆರನೇ ದಿನ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಲ್ಲಿ 84 ಬಂತು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹೇಗೋ ಬೆಡ್ ಸಿಕ್ಕಿತು. ಸಿಟಿ ಸ್ಕ್ಯಾನ್ ನೋಡಿದ ಡಾಕ್ಟರು, "ಕೋರಾಡ್ಸ್ ಐದು ಇದೆ, ಕೋವಿಡ್ಡೇ" ಅಂದರು. ಸ್ಕ್ಯಾನ್ ನೋಡಿ ಕೋವಿಡ್ ಅನುಮಾನ ಎಷ್ಟು ಅಂತ ಹೇಳುವ ಅಂಕ ಅದು, ಐದು ಅಂದರೆ ಅನುಮಾನ ತುಂಬಾ ಜಾಸ್ತಿ. ಆದರೆ ಆರ್‌ಟಿಪಿಸಿಆರ್ ಕೂಡ ನೆಗೆಟಿವ್ ಬಂತು. ಆಸ್ಪತ್ರೆ ಸೇರಿದ ಐದನೇ ದಿನ ಬೆಳಗ್ಗೆ ಹೋದರು. ನಮ್ಮ ಕೈಗೆ ಸಿಕ್ಕಿದ ಚೀಟಿಯಲ್ಲಿ ಬರೆದದ್ದು "ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್". ಹೃದಯ ನಿಂತಿತು, ಉಸಿರು ನಿಂತಿತು ಅಂತ ಅರ್ಥ. ಸತ್ತವರೆಲ್ಲರಿಗೂ ಅದು ನಿಂತೇ ನಿಲ್ಲುತ್ತದೆ ಅಲ್ವಾ?

ಈಗ ಹೇಳಲು ನಾಚಿಕೆ. ಆ ಹೊತ್ತಿಗೆ ಆ ಚೀಟಿ ನೋಡಿ ನಮಗೆ ಸಮಾಧಾನವೇ ಆಯಿತು. ಕೊರೊನಾ ಅಂತ ಬರೆದಿದ್ದರೆ ಹೆಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಪಿಪಿಇ ಕಿಟ್ ಹಾಕಿದವರು ಎತ್ತಿಕೊಂಡು ಹೋಗುತ್ತಿದ್ದರು. 2020ರ ಏಪ್ರಿಲ್‌ನಲ್ಲಿ ಇದೇ ಮಂಗಳೂರಿನಲ್ಲಿ ಒಂದು ಹೆಣ ಸುಡಲು ಊರವರು ಅಡ್ಡ ಬಂದು, ಆ ಕುಟುಂಬ ಜಾಗದಿಂದ ಜಾಗಕ್ಕೆ ಅಲೆದದ್ದನ್ನು ನಾವೆಲ್ಲ ನೋಡಿದ್ದೆವು. ದೊಡ್ಡಪ್ಪ ಮಾತ್ರ ಮನೆಗೆ ಬಂದರು. ತೋಟದ ಮೂಲೆಯಲ್ಲಿ, ಅವರೇ ನೆಟ್ಟ ಮಾವಿನ ಮರದ ಕಟ್ಟಿಗೆಯಲ್ಲಿ ಬೆಂದರು. ಐದೇ ಜನ ಇರಬೇಕು ಅಂತ ನಿಯಮ ಇತ್ತು. ನಾವು ಏಳು ಜನ ಇದ್ದೆವು. ಕೇಳಿದವರಿಗೆಲ್ಲ ದೊಡ್ಡಮ್ಮ ಒಂದೇ ಮಾತು ಹೇಳಿದರು: "ಹಾರ್ಟ್ ಅಟ್ಯಾಕ್. ಅದು ಅಲ್ಲ, ಟೆಸ್ಟ್ ನೆಗೆಟಿವ್ ಇತ್ತು."

ಆ ವರ್ಷದ ಕೊನೆಗೆ ಗ್ರೂಪಿನಲ್ಲಿ ಜಗಳ ಶುರುವಾಯಿತು. ಜರ್ಮನಿಯಲ್ಲಿರುವ ಅತ್ತೆಯ ಮಗ ಒಂದು ಪಟ್ಟಿ ಹಾಕಿದ. ಯಾವ ದೇಶದಲ್ಲಿ ಹತ್ತು ಲಕ್ಷಕ್ಕೆ ಎಷ್ಟು ಜನ ಕೋವಿಡ್‌ನಿಂದ ಸತ್ತರು ಅಂತ. ಭಾರತ ಎಲ್ಲೋ ಕೆಳಗೆ. ಯುರೋಪಿನವರೆಲ್ಲ ಮೇಲೆ. "ನೋಡಿ, ನಮ್ಮವರ ಇಮ್ಯುನಿಟಿ!" ಅಂತ ಒಬ್ಬರು ಕಷಾಯದ ಚಿತ್ರ ಹಾಕಿದರು. ಇನ್ನೊಬ್ಬರು, "ಎಲ್ಲ ಸುಳ್ಳು ಲೆಕ್ಕ" ಅಂದರು. ಅಪ್ಪ ಮಾತ್ರ ಒಂದು ಪ್ರಶ್ನೆ ಹಾಕಿದರು: "ಇದರಲ್ಲಿ ಅಣ್ಣ ಇದ್ದಾನಾ?"

ಯಾರೂ ಉತ್ತರ ಕೊಡಲಿಲ್ಲ. ನಾನು ಮಾತ್ರ ಅವತ್ತಿನಿಂದ ರಾತ್ರಿ ಊಟವಾದ ಮೇಲೆ ಈ ಅಂಕಿಗಳ ಹಿಂದೆ ಬಿದ್ದೆ. ನಾನು ಲೆಕ್ಕಶಾಸ್ತ್ರದವನಲ್ಲ. ಆದರೆ ಸ್ವಲ್ಪ ಓದಿದರೆ ಗೊತ್ತಾಗುವ ವಿಷಯವೇ ಇದು.

ಮೊದಲು ಗೊತ್ತಾದದ್ದು ಇಷ್ಟು: ಆ ಪಟ್ಟಿಯಲ್ಲಿ ಒಂದೊಂದು ದೇಶದ ಸಾಲೂ ಬೇರೆ ಬೇರೆ ವಸ್ತುವನ್ನು ಎಣಿಸುತ್ತಿತ್ತು. ಬೆಲ್ಜಿಯಂ ನೋಡಿ. 2020ರ ವಸಂತದಲ್ಲಿ ಜಗತ್ತಿನಲ್ಲೇ ಅತಿ ಕೆಟ್ಟ ದೇಶ ಅದೇ ಅಂತ ಸುದ್ದಿ. ಅಲ್ಲಿ ವೃದ್ಧಾಶ್ರಮಗಳಲ್ಲಿ ಟೆಸ್ಟ್ ಮಾಡದೆ ಸತ್ತವರನ್ನೂ, ಕೋವಿಡ್ ಇದ್ದಿರಬಹುದು ಅಂತ ಡಾಕ್ಟರಿಗೆ ಅನ್ನಿಸಿದರೆ, ಲೆಕ್ಕಕ್ಕೆ ಹಿಡಿದಿದ್ದರು. ಹೆಚ್ಚು ಪ್ರಾಮಾಣಿಕವಾಗಿ ಎಣಿಸಿದ್ದಕ್ಕೆ ಸಿಕ್ಕಿದ ಬಹುಮಾನ ಕೆಟ್ಟ ಹೆಸರು. ಇಂಗ್ಲೆಂಡಿನಲ್ಲಿ ಇದರ ಉಲ್ಟಾ ತಮಾಷೆ. ಅಲ್ಲಿ ಮೊದಲು, ಒಮ್ಮೆ ಪಾಸಿಟಿವ್ ಬಂದವರು ಯಾವಾಗ, ಯಾವುದರಿಂದ ಸತ್ತರೂ ಕೋವಿಡ್ ಸಾವು. ಗುಣವಾಗಿ ಮೂರು ತಿಂಗಳ ಮೇಲೆ ಬಸ್ಸಿನಡಿ ಬಿದ್ದರೂ ಅದೇ ಲೆಕ್ಕ. 2020ರ ಆಗಸ್ಟ್‌ನಲ್ಲಿ 28 ದಿನದ ಮಿತಿ ಹಾಕಿದರು. ಒಂದೇ ದಿನದಲ್ಲಿ ಐದು ಸಾವಿರಕ್ಕೂ ಜಾಸ್ತಿ ಸಾವು ಪಟ್ಟಿಯಿಂದ ಮಾಯ. ಸತ್ತವರು ಯಾರೂ ಎದ್ದು ಬರಲಿಲ್ಲ.

ಪೆರು ದೇಶದ್ದು ನನ್ನನ್ನು ಹೆಚ್ಚು ಕಾಡಿತು. 2021ರ ಮೇ 31ರವರೆಗೆ ಅವರ ಲೆಕ್ಕ ಸುಮಾರು 69 ಸಾವಿರ. ಪಾಸಿಟಿವ್ ಟೆಸ್ಟ್ ಇದ್ದರೆ ಮಾತ್ರ ಎಣಿಸುತ್ತಿದ್ದರು. ಆಮೇಲೆ ತಜ್ಞರ ಸಮಿತಿ ಮಾಡಿ, ಎಕ್ಸ್‌ರೇ, ಸ್ಕ್ಯಾನ್, ರೋಗದ ಲಕ್ಷಣ, ಮರಣಪತ್ರ ಎಲ್ಲ ಸೇರಿಸಿ ಮತ್ತೆ ಎಣಿಸಿದರು. 1,80,764 ಬಂತು. ಒಂದು ರಾತ್ರಿಯಲ್ಲಿ ಎರಡೂವರೆ ಪಟ್ಟು. ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಮೊದಲ ಸ್ಥಾನಕ್ಕೆ ಪೆರು ಬಂದು ಕೂತಿತು. ತಾವಾಗಿಯೇ ಬಂದು ಕೂತರು ಅನ್ನಬೇಕು. ಸ್ಕ್ಯಾನ್ ನೋಡಿ ಎಣಿಸಿದರು ಅಂತ ಓದಿದಾಗ ನನಗೆ ದೊಡ್ಡಪ್ಪನ ಕೋರಾಡ್ಸ್ ಐದು ನೆನಪಾಯಿತು. ಅವರು ಲಿಮಾದಲ್ಲಿ ಸತ್ತಿದ್ದರೆ ಎಣಿಕೆಗೆ ಸಿಗುತ್ತಿದ್ದರೋ ಏನೋ.

ಇನ್ನು ಟಾಂಜಾನಿಯಾ. 2020ರ ಮೇ ತಿಂಗಳಲ್ಲಿ 509 ಕೇಸು, 21 ಸಾವು ಅಂತ ಹೇಳಿ ಲೆಕ್ಕ ಕೊಡುವುದನ್ನೇ ನಿಲ್ಲಿಸಿತು. ಒಂದು ವರ್ಷಕ್ಕೂ ಜಾಸ್ತಿ ಕಾಲ ಜಗತ್ತಿನ ಪಟ್ಟಿಗಳಲ್ಲಿ ಆ 21 ಹಾಗೇ ನಿಂತಿತ್ತು. ನಮ್ಮ ಗ್ರೂಪಿನ ಪಟ್ಟಿಯ ಪ್ರಕಾರ ಅದು ಸ್ವರ್ಗ.

ನಮ್ಮೂರಿಗೇ ಬರೋಣ. 2020ರ ಜೂನ್ ಆರಂಭ ನೆನಪಿದೆಯಾ? ಇಡೀ ಕರ್ನಾಟಕದಲ್ಲಿ ಅತಿ ಜಾಸ್ತಿ ಕೇಸು ಬೆಂಗಳೂರಿನಲ್ಲಲ್ಲ, ಉಡುಪಿಯಲ್ಲಿ. ಟಿವಿಯಲ್ಲಿ ಉಡುಪಿ ಅಂದರೆ ಭೂತ ಬಿಟ್ಟ ಹಾಗೆ ತೋರಿಸುತ್ತಿದ್ದರು. ಆದದ್ದು ಇಷ್ಟೇ: ಮುಂಬೈಯಿಂದ ಸಾವಿರಾರು ಜನ ಊರಿಗೆ ಬಂದರು. ಅವರನ್ನು ಶಾಲೆಗಳಲ್ಲಿ ಉಳಿಸಿ, ಸಾಲಾಗಿ ಟೆಸ್ಟ್ ಮಾಡಿದರು. ಹೆಚ್ಚಿನವರಿಗೆ ಕೆಮ್ಮು ಕೂಡ ಇರಲಿಲ್ಲ. ಸಾವು ಬೆರಳೆಣಿಕೆಯಷ್ಟು. ಹುಡುಕಿದಲ್ಲಿ ಸಿಕ್ಕಿತು. ಹುಡುಕದ ಊರುಗಳು ಸುಭಿಕ್ಷವಾಗಿ ಕಂಡವು. ಅದೇ ಹೊತ್ತಿಗೆ ರಾಜ್ಯದ ದಿನದ ಬುಲೆಟಿನ್‌ನಲ್ಲಿ ಒಂದು ಚಿಕ್ಕ ಸಾಲು ಇರುತ್ತಿತ್ತು: ಪಾಸಿಟಿವ್ ಆಗಿದ್ದೂ ಕೋವಿಡ್ಡೇತರ ಕಾರಣದಿಂದ ಸತ್ತವರು ಇಷ್ಟು. ಅವರು ಮುಖ್ಯ ಲೆಕ್ಕದಿಂದ ಹೊರಗೆ. ಇಂಗ್ಲೆಂಡಿನಲ್ಲಿ ಒಳಗೆ ಬರುವವರು ನಮ್ಮಲ್ಲಿ ಅಡಿಟಿಪ್ಪಣಿ.

ಹಾಗಾದರೆ ನಿಜವಾದ ಲೆಕ್ಕ ಹೇಗೆ? ಅದಕ್ಕೆ ಒಂದು ಹಳೆಯ, ಸರಳ ಉಪಾಯ ಇದೆ. ಯಾಕೆ ಸತ್ತರು ಅಂತ ಕೇಳಲೇ ಬೇಡಿ. ಎಷ್ಟು ಜನ ಸತ್ತರು ಅಂತ ಮಾತ್ರ ಕೇಳಿ. ಒಂದು ಗ್ರಾಮದಲ್ಲಿ ಮಾಮೂಲಿ ಮೇ ತಿಂಗಳಲ್ಲಿ ಎಂಟು ಜನ ತೀರಿಕೊಳ್ಳುತ್ತಾರೆ ಅಂತ ಇಟ್ಟುಕೊಳ್ಳಿ. ಆ ಮೇಯಲ್ಲಿ ಹತ್ತೊಂಬತ್ತು ಆದರೆ ಹನ್ನೊಂದು ಹೆಚ್ಚುವರಿ. ಚೀಟಿಯಲ್ಲಿ ಹೃದಯ ಅಂತ ಬರೆಯಲಿ, ನ್ಯುಮೋನಿಯಾ ಅಂತ ಬರೆಯಲಿ, ಈ ಲೆಕ್ಕ ತಲೆ ಕೆಡಿಸಿಕೊಳ್ಳುವುದಿಲ್ಲ. 2017ರಲ್ಲಿ ಪೋರ್ಟೊ ರಿಕೊಗೆ ಮರಿಯಾ ಚಂಡಮಾರುತ ಬಡಿದಾಗ ಸರ್ಕಾರದ ಲೆಕ್ಕ 64 ಸಾವು. ಮರುವರ್ಷ ಈ ಉಪಾಯದಲ್ಲಿ ಎಣಿಸಿದಾಗ 2,975. ಕರೆಂಟಿಲ್ಲದೆ, ಔಷಧ ಸಿಗದೆ ತಿಂಗಳುಗಟ್ಟಲೆ ಸತ್ತವರೆಲ್ಲ ಆಗ ಕಂಡರು.

ಕೋವಿಡ್ ಕಾಲದಲ್ಲಿ ಈ ಕೆಲಸಕ್ಕೆ ದೇಶ ದೇಶಗಳ ಸಾವಿನ ಅಂಕಿಗಳನ್ನು ಒಟ್ಟು ಮಾಡಿದವರು ದೊಡ್ಡ ಸಂಸ್ಥೆಯವರಲ್ಲ. ಇಸ್ರೇಲಿನ ಏರಿಯಲ್ ಕಾರ್ಲಿನ್‌ಸ್ಕಿ, ಜರ್ಮನಿಯಲ್ಲಿರುವ ಡಿಮಿಟ್ರಿ ಕೊಬಾಕ್ ಎಂಬ ಇಬ್ಬರು. ಒಂದೊಂದು ದೇಶದ ಅಂಕಿಅಂಶ ಕಚೇರಿಯ ಪುಟ ಹುಡುಕಿ, ಪತ್ರ ಬರೆದು, ನೂರಕ್ಕೂ ಜಾಸ್ತಿ ದೇಶಗಳ ಲೆಕ್ಕ ಕೂಡಿಹಾಕಿದರು. ರಷ್ಯಾದ ವಿಷಯ ಬಯಲಾದದ್ದೂ ಹೀಗೇ. 2021ರ ಕೊನೆಗೆ ಅಲ್ಲಿನ ಕೋವಿಡ್ ಕಾರ್ಯಪಡೆಯ ಲೆಕ್ಕ ಮೂರು ಲಕ್ಷದ ಆಸುಪಾಸು. ಹೆಚ್ಚುವರಿ ಸಾವು ಹತ್ತು ಲಕ್ಷ ದಾಟಿತ್ತು. ವಿಚಿತ್ರ ಅಂದರೆ ಆ ಎರಡನೇ ಲೆಕ್ಕಕ್ಕೆ ಬೇಕಾದ ಅಂಕಿಯನ್ನು ಕೊಟ್ಟದ್ದು ರಷ್ಯಾದ್ದೇ ಇನ್ನೊಂದು ಸರ್ಕಾರಿ ಕಚೇರಿ. ಒಂದು ಕೈ ಮುಚ್ಚಿಟ್ಟದ್ದನ್ನು ಇನ್ನೊಂದು ಕೈ ಪ್ರತಿ ತಿಂಗಳು ಅಚ್ಚು ಹಾಕಿ ಕೊಡುತ್ತಿತ್ತು.

ಈ ಲೆಕ್ಕದಲ್ಲಿ ಕೋವಿಡ್ ತಾಗದೆ ಸತ್ತವರೂ ಸೇರುತ್ತಾರೆ. ಇದು ದೋಷ ಅಂತ ಹಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ತಲಪಾಡಿ ನೆನಪು ಮಾಡಿಕೊಳ್ಳಿ. 2020ರ ಮಾರ್ಚ್ ಕೊನೆಗೆ ಕರ್ನಾಟಕ ಕೇರಳದ ಗಡಿ ಮುಚ್ಚಿತು. ಕೆಲವು ರಸ್ತೆಗೆ ಮಣ್ಣು ತಂದು ಸುರಿದರು. ಮಂಜೇಶ್ವರ, ಉಪ್ಪಳ, ಕಾಸರಗೋಡಿನವರಿಗೆ ಹಾರ್ಟು, ಕಿಡ್ನಿ, ಹೆರಿಗೆ ಎಲ್ಲಕ್ಕೂ ಮಂಗಳೂರೇ. ಆ್ಯಂಬುಲೆನ್ಸ್ ಗಡಿಯಿಂದ ವಾಪಸ್ ಹೋಯಿತು, ದಾರಿಯಲ್ಲೇ ಜನ ಸತ್ತರು. ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಅವರ ಮೈಯಲ್ಲಿ ವೈರಸ್ ಇರಲಿಲ್ಲ. ಆದರೆ ಕೊರೊನಾ ಬರದಿದ್ದರೆ ಅವತ್ತು ಸಾಯುತ್ತಿರಲಿಲ್ಲ. ಅವರನ್ನು ಯಾವ ಖಾತೆಗೆ ಹಾಕುತ್ತೀರಿ?

ಇದರ ಇನ್ನೊಂದು ಮುಖವೂ ಇದೆ. ನ್ಯೂಜಿಲೆಂಡಿನಲ್ಲಿ 2020ರಲ್ಲಿ ನಿರೀಕ್ಷೆಗಿಂತ ಕಡಿಮೆ ಜನ ಸತ್ತರು. ಗಡಿ ಮುಚ್ಚಿದ್ದರಿಂದ ಆ ಚಳಿಗಾಲ ಫ್ಲೂ ಕೂಡ ಬರಲಿಲ್ಲ. ಅಲ್ಲಿ ಹೆಚ್ಚುವರಿ ಸಾವು ಸೊನ್ನೆಗಿಂತ ಕೆಳಗೆ.

ಸುಮ್ನೆ ಒಂದು ಕುತೂಹಲಕ್ಕೆ, ಶಾಮಿಯಾನ ಅಂಗಡಿ ಇಟ್ಟಿರುವ ಗೆಳೆಯನ ಹತ್ತಿರ ಅವನ ಬುಕಿಂಗ್ ಪುಸ್ತಕ ಕೇಳಿದೆ. ನಮ್ಮ ಕಡೆ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಚಪ್ಪರ, ಕುರ್ಚಿ, ಊಟದ ಮೇಜು ಹಾಕದ ಮನೆ ಇಲ್ಲ. ಆ ಪುಸ್ತಕದಲ್ಲಿ ಸಾವಿನ ಲೆಕ್ಕ ಸಿಗಬೇಕಲ್ಲ ಅಂತ ನನ್ನ ಯೋಚನೆ. ಅವನು ನಗಾಡಿದ. "ಎಂತ ಮಾರಾಯ, 21ರ ಮೇಯಲ್ಲಿ ಒಂದೇ ಒಂದು ಬೊಜ್ಜ ಇಲ್ಲ ನನಗೆ. ಐದು ಜನಕ್ಕೆ ಯಾರು ಚಪ್ಪರ ಹಾಕ್ತಾರೆ?" ಅವನ ಪುಸ್ತಕ ನಂಬಿದರೆ ಆ ತಿಂಗಳು ಕಟಪಾಡಿಯಲ್ಲಿ ಯಾರೂ ಸಾಯಲೇ ಇಲ್ಲ. ಆದರೆ ಬೆಳಗ್ಗಿನ ಪೇಪರಿನ ನಿಧನ ಕಾಲಂ ಬೇರೆ ಹೇಳುತ್ತಿತ್ತು. ಅಪ್ಪ ಮೊದಲು ಓದುವುದು ಅದನ್ನೇ, ನಮ್ಮ ಕಡೆಯ ವಯಸ್ಸಾದವರೆಲ್ಲ ಹಾಗೇ. ಆ ತಿಂಗಳು ಅವರು ಆ ಪುಟ ತಿರುವಲು ಶುರು ಮಾಡಿದ್ದರು, ಓದದೆ.

ಗುಜರಾತಿನಲ್ಲಿ ಒಂದು ಪತ್ರಿಕೆ ಈ ಕೆಲಸವನ್ನು ಸರಿಯಾಗಿ ಮಾಡಿತು. 2021ರ ಮಾರ್ಚ್ 1ರಿಂದ ಮೇ 10ರವರೆಗೆ ರಾಜ್ಯದಲ್ಲಿ ಎಷ್ಟು ಮರಣ ಪ್ರಮಾಣಪತ್ರ ಕೊಟ್ಟಿದ್ದಾರೆ ಅಂತ ದಿವ್ಯ ಭಾಸ್ಕರ್ ಎಣಿಸಿತು. ಸುಮಾರು 1.23 ಲಕ್ಷ. ಹಿಂದಿನ ವರ್ಷ ಅದೇ ಅವಧಿಯಲ್ಲಿ 58 ಸಾವಿರ. ಸರ್ಕಾರ ಹೇಳಿದ ಕೋವಿಡ್ ಸಾವು ನಾಲ್ಕು ಸಾವಿರದ ಚಿಲ್ಲರೆ.

ಇಡೀ ದೇಶದ್ದು ಬಂದದ್ದು 2022ರಲ್ಲಿ. ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಂದಾಜು ಕೊಟ್ಟಿತು: 2020 ಮತ್ತು 2021ರಲ್ಲಿ ಜಗತ್ತಿನಲ್ಲಿ 1.49 ಕೋಟಿ ಹೆಚ್ಚುವರಿ ಸಾವು. ದೇಶಗಳೆಲ್ಲ ಹೇಳಿಕೊಂಡದ್ದು 54 ಲಕ್ಷ. ಭಾರತದ್ದೇ 47 ಲಕ್ಷ. ಅದೇ ಎರಡು ವರ್ಷಕ್ಕೆ ನಮ್ಮ ಸರ್ಕಾರಿ ಲೆಕ್ಕ 4.81 ಲಕ್ಷ. ಹತ್ತು ಪಟ್ಟು ವ್ಯತ್ಯಾಸ! ಕೇಂದ್ರ ಸರ್ಕಾರ ಸಿಟ್ಟಾಯಿತು. ನಮ್ಮ ಹತ್ತಿರ ನೋಂದಣಿಯ ನಿಜ ಅಂಕಿ ಇರುವಾಗ ಗಣಿತದ ಮಾದರಿ ಯಾಕೆ ಅಂತ ಕೇಳಿತು. ಪ್ರಶ್ನೆ ತಪ್ಪಲ್ಲ. 47 ಲಕ್ಷ ಅನ್ನುವುದು ಒಂದು ಅಂದಾಜಿನ ನಡುಬಿಂದು, ಅವರೇ 33ರಿಂದ 65 ಲಕ್ಷದ ಅಂತರ ಕೊಟ್ಟಿದ್ದರು. ಆದರೆ ಸರ್ಕಾರ 2020ರ ನೋಂದಣಿ ವರದಿಯನ್ನು ಹೊರಗೆ ಹಾಕಿದ್ದು ಅದಕ್ಕೆ ಎರಡೇ ದಿನ ಮೊದಲು, ಮೇ 3ರಂದು. ಎರಡನೇ ಅಲೆ ಬಂದ 2021ರ ವರದಿ ಬರಲು 2025ರ ಮೇ ಆಗಬೇಕಾಯಿತು. ಅದರಲ್ಲಿ ಇರುವುದು ಇದು: 2019ರಲ್ಲಿ ನೋಂದಣಿಯಾದ ಸಾವು 76.4 ಲಕ್ಷ, 2020ರಲ್ಲಿ 81.2 ಲಕ್ಷ, 2021ರಲ್ಲಿ 1.02 ಕೋಟಿ. ಒಂದೇ ವರ್ಷದಲ್ಲಿ 21 ಲಕ್ಷ ಏರಿಕೆ.

ಇದೆಲ್ಲ ಕೊರೊನಾ ಅಂತ ಹೇಳಿದರೆ ನಾನೂ ಸುಳ್ಳು ಹೇಳಿದ ಹಾಗೆ. ವರ್ಷದಿಂದ ವರ್ಷಕ್ಕೆ ನೋಂದಣಿ ಮಾಡಿಸುವವರು ಜಾಸ್ತಿ ಆಗುತ್ತಿದ್ದಾರೆ. ಲಾಕ್‌ಡೌನಿನಲ್ಲಿ ಕಚೇರಿ ಮುಚ್ಚಿ 2020ರ ಕೆಲವು ಸಾವು 21ರಲ್ಲಿ ಬರೆಸಿರಬಹುದು. ಇನ್ನೊಂದು ಕಡೆ, ನೋಂದಣಿಯನ್ನೇ ಮಾಡಿಸದವರೂ ಇದ್ದಾರೆ. ಎರಡೂ ಕಡೆ ಎಳೆತ ಇದೆ. ಆದರೂ ಒಂದು ವರ್ಷದ ಈ 21 ಲಕ್ಷದ ಪಕ್ಕದಲ್ಲಿ ಎರಡೂ ವರ್ಷ ಸೇರಿದ ಆ 4.81 ಲಕ್ಷ ಇಟ್ಟು ನೋಡಿ.

ಅಂದಾಜು ಮಾಡುವವರೂ ದೇವರಲ್ಲ. ಅದೇ ವಿಶ್ವ ಆರೋಗ್ಯ ಸಂಸ್ಥೆ ಜರ್ಮನಿಗೆ ಮೊದಲು 1.95 ಲಕ್ಷ ಹೆಚ್ಚುವರಿ ಸಾವು ಅಂತ ಹೇಳಿತ್ತು. ಮಾಮೂಲಿ ವರ್ಷ ಎಷ್ಟು ಸಾಯುತ್ತಾರೆ ಅಂತ ಗೆರೆ ಎಳೆಯುವಾಗಲೇ ಎಡವಟ್ಟಾಗಿತ್ತು. ಟೀಕೆ ಬಂತು, ತಿದ್ದಿದರು, 1.22 ಲಕ್ಷಕ್ಕೆ ಇಳಿಯಿತು. ಇದನ್ನು ಗ್ರೂಪಿನಲ್ಲಿ ಹಾಕಿದಾಗ ಅತ್ತೆಯ ಮಗ ಒಂದು ನಗುಮುಖ ಕಳಿಸಿದ. ತಪ್ಪನ್ನು ಹೇಳಿ ತಿದ್ದಿದ ಲೆಕ್ಕದ ಮೇಲೆ ನನಗೆ ನಂಬಿಕೆ ಜಾಸ್ತಿಯೇ ಆಯಿತು.

ಸರ್ಕಾರ ಮುಚ್ಚಿಟ್ಟಿತು ಅಂತ ಬೈಯುವುದು ಸುಲಭ, ನಾನೂ ಬೈದಿದ್ದೇನೆ. ಆದರೆ ನಮ್ಮ ಮನೆಯ ಮಟ್ಟಿಗೆ ಮುಚ್ಚಿಟ್ಟವರು ಯಾರು? ಟೆಸ್ಟ್ ನೆಗೆಟಿವ್ ಬಂದಾಗ ಹಬ್ಬ ಮಾಡಿದವರು ನಾವು. ಡಾಕ್ಟರು ಬಾಯಲ್ಲಿ ಕೋವಿಡ್ ಅಂದದ್ದನ್ನು ಅಲ್ಲಿಯೇ ಬಿಟ್ಟು ಬಂದವರು ನಾವು.

2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್, ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ 50 ಸಾವಿರ ರೂಪಾಯಿ ಕೊಡುವ ಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. ಚೀಟಿಯಲ್ಲಿ ಕೋವಿಡ್ ಅಂತ ಇಲ್ಲದಿದ್ದರೆ ಜಿಲ್ಲಾ ಸಮಿತಿಗೆ ಅರ್ಜಿ ಹಾಕಬಹುದಿತ್ತು. ಗುಜರಾತಿನಲ್ಲಿ ಸರ್ಕಾರಿ ಲೆಕ್ಕದ ಸಾವು ಹತ್ತು ಸಾವಿರ ಇದ್ದಲ್ಲಿ 68 ಸಾವಿರ ಅರ್ಜಿ ಮಂಜೂರಾಯಿತು. ಹಣ ಕೊಡಲು ಕೂತಾಗ ಸತ್ತವರು ಒಬ್ಬೊಬ್ಬರಾಗಿ ಕಂಡರು. ನಾನು ಸ್ಕ್ಯಾನ್ ರಿಪೋರ್ಟ್, ಡಿಸ್ಚಾರ್ಜ್ ಚೀಟಿ ಎಲ್ಲ ಜೋಡಿಸಿಕೊಂಡು ಕಟಪಾಡಿಗೆ ಹೋದೆ. ದೊಡ್ಡಮ್ಮ ಅಡುಗೆಮನೆಯಲ್ಲಿ ಕುಚ್ಚಲಕ್ಕಿ ಗಂಜಿ ಬಸಿಯುತ್ತಿದ್ದರು. ಬಸಿದು ಮುಗಿಯುವವರೆಗೆ ಮಾತಾಡಲಿಲ್ಲ.

"ಊರಿಗೆಲ್ಲ ಅದು ಅಲ್ಲ ಅಂತ ಹೇಳಿ ಆಗಿದೆ. ಈಗ ದುಡ್ಡಿಗೆ ಹೌದು ಅಂತ ಹೇಳುದಾ? ಬೇಡ."

ನಾನು ಒತ್ತಾಯ ಮಾಡಲಿಲ್ಲ. ಹಾಗಾಗಿ ದೊಡ್ಡಪ್ಪ ಆ 4.81 ಲಕ್ಷದಲ್ಲಿ ಇಲ್ಲ. 1.02 ಕೋಟಿಯಲ್ಲಿ ಇದ್ದಾರೆ. ಅಪ್ಪನ ಪ್ರಶ್ನೆಗೆ ಉತ್ತರ ಅಷ್ಟೇ.

ಮೊನ್ನೆ ಸೋಮವಾರ ದೊಡ್ಡಮ್ಮನನ್ನು ಕರೆದುಕೊಂಡು ಗ್ರಾಮ ಲೆಕ್ಕಿಗರ ಕಚೇರಿಗೆ ಹೋದೆ. ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಅನ್ನಬೇಕಂತೆ, ನಮ್ಮ ಬಾಯಿಗೆ ಹಳೆಯ ಹೆಸರೇ ಬರುತ್ತದೆ. ಹಳ್ಳಿಯ ಮನೆಗಳಲ್ಲಿ ಆದ ಸಾವನ್ನು ಇಷ್ಟು ವರ್ಷ ಬರೆದುಕೊಂಡದ್ದೂ ಅವರ ಕಚೇರಿಯೇ. ಹುಡುಗ ವಯಸ್ಸಿನವರು. ಲ್ಯಾಮಿನೇಷನ್ ನೋಡಿ ಮುಖ ಸಿಂಡರಿಸಿದರು. ಆಮೇಲೆ ಓದಿದರು.

"ಇದು ಮಂಗಳೂರಿನ ನೋಂದಣಿ. ನಮ್ಮ ರಿಜಿಸ್ಟರಿನಲ್ಲಿ ಇವರು ಇರುದಿಲ್ಲ."

ದೊಡ್ಡಮ್ಮನಿಗೆ ಅರ್ಥವಾಗಲಿಲ್ಲ. "ಇಲ್ಲೇ ನಮ್ಮ ತೋಟದಲ್ಲೇ ಸುಟ್ಟದ್ದಲ್ವಾ?"

"ಸತ್ತದ್ದು ಅಲ್ಲಿ ಅಲ್ವಾ ಅಮ್ಮ? ಎಲ್ಲಿ ಜೀವ ಹೋಯ್ತೋ ಅಲ್ಲಿಯ ಲೆಕ್ಕ. ತೊಂದರೆ ಇಲ್ಲ, ಖಾತೆಗೆ ಇದೇ ಸಾಕು. ಜೆರಾಕ್ಸ್ ಎರಡು ಬೇಕು, ವಂಶವೃಕ್ಷದ ಜೊತೆ."

ಜೆರಾಕ್ಸ್ ಅಂಗಡಿ ರಸ್ತೆಯ ಆಚೆ ಬದಿ. ಪ್ಲಾಸ್ಟಿಕ್ಕಿನ ಮೇಲೆ ಬೆಳಕು ಬಿದ್ದು ಮೊದಲ ಪ್ರತಿಯಲ್ಲಿ ದೊಡ್ಡಪ್ಪನ ಹೆಸರಿನ ಮೇಲೆ ಬಿಳಿ ಪಟ್ಟೆ ಬಂತು. ಅಂಗಡಿಯವಳು ಅದನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಿ, ಕಾಗದವನ್ನು ಸ್ವಲ್ಪ ಓರೆ ಇಟ್ಟು ಇನ್ನೊಮ್ಮೆ ತೆಗೆದಳು.